ತಳದಲ್ಲಿ ಬಿಟ್ಟ ಹಿಡಿ

ಜೂನ್ 8, 1987, ಸೋಮವಾರ

ಕೃಷ್ಣಗಿರಿಯ ಕಂಪ್ಯೂಟರ್ ಮೆಷಿನ್ನು ರಿಪೇರಿಯಾಗಿ ವಾಪಸು ಬರುತ್ತಿದೆ. ಅದನ್ನು ಮಿಕ್ಕ ಎರಡರ ಜೊತೆ ಸೇರಿಸುವ ಕೆಲಸ ನನ್ನ ತಲೆಗೆ ಬಂದಿದೆ. ಹೆದರಿಕೆಯಲ್ಲಿ ಮಧ್ಯಾಹ್ನ ಡಬ್ಬಿಯ ಮುದ್ದೆ ಮುಟ್ಟಲಿಲ್ಲ. ಹಾಗೇ ತಂದರೆ ಅಜ್ಜಿ ಬೈಯುತ್ತಾಳೆಂದು ಮನೆಗೆ ಬರುವಾಗ ತೊರಪಲ್ಲಿ ದಾರಿಯಲ್ಲಿ ಒಂದು ನಾಯಿಗೆ ಹಾಕಿದೆ. ಮುದ್ದೆ ಅದರ ಗಂಟಲಿಗೆ ಸಿಕ್ಕಿಕೊಂಡರೆ ಏನು ಗತಿ ಎಂದು ಅದು ನುಂಗಿ ಮುಗಿಸುವ ತನಕ ಅಲ್ಲೇ ನಿಂತಿದ್ದೆ.

ಹೇಳಿದವರು ನಮ್ಮ ಸ್ಟೋರ್ಸ್ ಆಫೀಸರು ಶ್ಯಾಮಣ್ಣನವರು. “ನೀನೇ ಹೋಗ್ಬೇಕು ನರಸಮ್ಮ. ಮದ್ರಾಸಿಂದ ಮೆಷಿನ್ ಕಂಪ್ನಿ ಇಳಂಗೋ ಸಾರ್ ಫೋನಲ್ಲಿ ಹೇಳ್ತಾ ಹೋಗ್ತಾರೆ, ನೀನು ಬೆರಳು ಆಡಿಸೋದು ಅಷ್ಟೇಯ.”

“ತಪ್ಪಾಗೋದ್ರೆ ಸಾರ್?”

“ಯಾಕೆ ತಪ್ಪಾಯ್ತದೆ? ಮೋಡ ಕಾಣ್ದಿದ್ರೂ ಕೊಡೆ ಬಿಚ್ಕೊಂಡು ನಿಂತ್ಕೊಳೋ ಗಿರಾಕಿ ನೀನು.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಒಂಬತ್ತನೇ ಕ್ಲಾಸು ಅರ್ಧಕ್ಕೆ ಬಿಟ್ಟವಳು, ಹೊಸೂರಿನಲ್ಲಿ ಟೈಪಿಂಗು ಕಲಿತದ್ದರಿಂದ ಈ ಕುರ್ಚಿ ಸಿಕ್ಕಿತು. ನಮ್ಮ ಫ್ಯಾಕ್ಟರಿಯಲ್ಲಿ ಗ್ಯಾಸ್ ಸಿಲಿಂಡರಿನ ತಲೆಗೆ ಕೂರಿಸುವ ರೆಗ್ಯುಲೇಟರು ತಯಾರಾಗುತ್ತದೆ. ಒಂದು ದಿನ ಒಂದೇ ರಬ್ಬರಿನಿಂದ ಮಾಡಿದ್ದಕ್ಕೆಲ್ಲ ಒಂದು ನಂಬರು, ಅದಕ್ಕೆ ಲಾಟ್ ಎನ್ನುತ್ತಾರೆ. ಯಾವ ಲಾಟ್ ಎಲ್ಲಿದೆ, ಒಳ್ಳೆಯದೋ ಕೆಟ್ಟದ್ದೋ ಎಂದು ಮೆಷಿನ್ನಿಗೆ ಬರೆಯುವುದು ನನ್ನ ಕೆಲಸ. ಬರೆದ ಮೇಲೆ ನನ್ನ ಸ್ವಂತ ನೋಟ್‌ಬುಕ್ಕಿನಲ್ಲೂ ಬರೆದುಕೊಳ್ಳುತ್ತೇನೆ. ಆಮೇಲೆ ಟೆಸ್ಟಿಂಗ್ ರೂಮಿಗೆ ಹೋಗಿ ಅಲ್ಲಿನ ಬೋರ್ಡಿನ ಜೊತೆ ತಾಳೆ ನೋಡುತ್ತೇನೆ. ನನ್ನ ಕುರ್ಚಿಯಿಂದ ಅಲ್ಲಿಗೆ ನಲವತ್ತು ಹೆಜ್ಜೆ. ದಿನಕ್ಕೆ ಮೂರು ಸಲ ಹೋಗುತ್ತೇನೆ. ಅಲ್ಲಿಯವರು ನನ್ನನ್ನು ಗಡಿಯಾರ ಎಂದು ಕರೆಯುತ್ತಾರೆ.

ಇದನ್ನು ಮೆಷಿನ್ನಿನ ಉದ್ದನೆಯ ಕಾಗದದ ಹಿಂದುಗಡೆ ಬರೆಯುತ್ತಿದ್ದೇನೆ. ಎಸೆದ ಕಾಗದವೇ. ಆದರೂ ಯಾರಾದರೂ ಕೇಳಿದರೆ ಎಂದು ಒಳಗೇ ಅಳುಕು.

ಜೂನ್ 10, ಬುಧವಾರ

ಇಳಂಗೋ ಸಾರ್ ಒಂದು ಗಂಟೆ ಫೋನಿನಲ್ಲಿ ಪಾಠ ಮಾಡಿದರು. ಅವರ ಕನ್ನಡದಲ್ಲಿ ಅರ್ಧ ತಮಿಳು, ನನ್ನ ತಮಿಳಿನಲ್ಲಿ ಅರ್ಧ ಕನ್ನಡ, ಹೇಗೋ ಆಯಿತು.

ನಮ್ಮದು, ಬೆಂಗಳೂರಿನ ಹೆಡ್ ಆಫೀಸಿನದು, ಕೃಷ್ಣಗಿರಿಯ ಗೋಡೌನಿನದು, ಹೀಗೆ ಮೂರು ಮೆಷಿನ್ನುಗಳು ಟೆಲಿಫೋನ್ ತಂತಿಯಲ್ಲಿ ಸೇರಿಕೊಂಡು ಒಂದೇ ಪುಸ್ತಕ ಇಟ್ಟುಕೊಂಡಂತೆ. ರಾತ್ರಿಗೊಮ್ಮೆ ಒಂದನ್ನೊಂದು ಕೇಳಿಕೊಳ್ಳುತ್ತವೆ. ಒಂದರ ಬಳಿ ಇರುವುದು ಇನ್ನೊಂದರ ಬಳಿ ಇಲ್ಲದಿದ್ದರೆ, ಹೊಸದಾಗಿ ಬಂದದ್ದು ಎಂದುಕೊಂಡು ಅದೂ ಬರೆದುಕೊಳ್ಳುತ್ತದೆ.

“ಅಳಿಸಿದ್ದು ಅಂತ ಅದಕ್ಕೆ ಗೊತ್ತಾಗಲ್ವಾ ಸಾರ್?” ಎಂದು ಕೇಳಿದೆ.

“ಅಳಿಸಿದ ಮೇಲೆ ಇಲ್ಲೆ, ಅಷ್ಟೇ ಅಮ್ಮಾ. ಇಲ್ಲದಕ್ಕೆ ಗುರುತು ಎಲ್ಲಿ ಇಡೋದು? ಅದಕ್ಕೇ ಹೇಳೋದು. ಕೃಷ್ಣಗಿರಿ ಮೆಷಿನ್ನು ನಲವತ್ತೈದು ದಿವಸ ನಿದ್ದೆ. ಅದರ ತಲೇಲಿ ಹಳೇದೆಲ್ಲ ಹಾಗೇ ಇದೆ. ಮೊದಲು ಪೂರಾ ಅಳಿಸಬೇಕು. ಪೂರಾ. ಆಮೇಲೆ ಹೊಸ ಕೂಸಿನ ಥರ ಸೇರಿಸಬೇಕು. ಪಯಪ್ಪಡಾದೆ.”

ಭಯಪಡಬೇಡ ಎಂದು ಯಾರಾದರೂ ಹೇಳಿದರೆ ನನಗೆ ಭಯ ಹೆಚ್ಚಾಗುತ್ತದೆ.

ಅಜ್ಜಿಗೆ ಹೇಳಿದೆ. ಏಪ್ರಿಲ್ ಇಪ್ಪತ್ತನಾಲ್ಕಕ್ಕೆ ಸಿಡಿಲು ಬಡಿದು ಸತ್ತ ಮೆಷಿನ್ನು ಎಂದು. ಅವಳು ಎಲೆಯಡಿಕೆ ಕುಟ್ಟುತ್ತಾ, “ನಲವತ್ತೈದು ದಿವ್ಸ ಸತ್ತಿದ್ದು ಎದ್ದು ಬತ್ತದಾ? ತಿಥಿ ಊಟ ಹಾಕುದ್ರಾ ಇಲ್ವಾ?” ಎಂದಳು. ನಕ್ಕೂ ನಕ್ಕೂ ಕೆಮ್ಮಿದಳು. ಆಮೇಲೆ ಮುಖ ಗಂಭೀರ ಮಾಡಿ, “ಅಂಥೋರು ಬಂದಾಗ ಒಬ್ರೇ ಬಂದವ್ರಾ, ಹಿಂದೆ ಯಾರಾನಾ ಅವ್ರಾ ನೋಡ್ಬೇಕು ಕಣೇ ನರಸಿ” ಎಂದಳು. ಆ ಮಾತು ಅವಳು ಆಡಬಾರದಿತ್ತು.

ಜೂನ್ 11, ಗುರುವಾರ

ಕೃಷ್ಣಗಿರಿಗೆ ಹೋಗಿ ಬಂದೆ. ಗೋಡೌನಿನ ಆಚೆ ಈಚೆ ಮಾವಿನ ಮಂಡಿಗಳು. ಕೊಳೆತ ಮಾವಿನ ಸಿಹಿ ವಾಸನೆಗೆ ತಲೆ ತಿರುಗುತ್ತದೆ. ಗೋಡೌನು ನೋಡಿಕೊಳ್ಳುವ ಪಾಪಣ್ಣ ಮೆಷಿನ್ನಿನ ಪೆಟ್ಟಿಗೆಗೆ ಆಗಲೇ ಕುಂಕುಮ ಇಟ್ಟಿದ್ದ. ಅಪ್ಪನ ವಯಸ್ಸಿನವನು, ನನ್ನನ್ನು ತಾಯಿ ಎನ್ನುತ್ತಾನೆ.

ಒಂದು ಮೂಲೆಯಲ್ಲಿ ನಾಲ್ಕು ರಟ್ಟಿನ ಪೆಟ್ಟಿಗೆ, ಮೈತುಂಬ ಕೆಂಪು ಬಣ್ಣದ ಕತ್ತರಿ ಗುರುತು.

“ಇವ್ಯಾವ ಪಾಪಣ್ಣ?”

“ಅದೇ ತಾಯಿ, ಮುನ್ನೂರ ಹದಿನೆಂಟು. ಸಿಡ್ಲು ಬಡಿದ್ ದಿವ್ಸ ಬೆಳಿಗ್ಗೆ ಬಂತಲ್ಲ. ಕೆಟ್ಟ ಮಾಲು, ಮುಟ್ಬ್ಯಾಡ ಅಂತ ಆಮೇಲೆ ಫೋನ್ ಮಾಡುದ್ರಿ. ಗುಜರಿಯೋನು ಇವತ್ತು ಬತ್ತೀನಿ ನಾಳೆ ಬತ್ತೀನಿ ಅಂತಾನೆ. ನಾನೇ ಬಣ್ಣ ಹೊಡ್ದು ಮಡಗಿವ್ನಿ.”

ನೆನಪಾಯಿತು. ಒಳಗಿನ ರಬ್ಬರು ಸರಿಯಾಗಿ ಕೂರುವುದಿಲ್ಲ, ತಿರುಪು ಮುಚ್ಚಿದರೂ ಗ್ಯಾಸು ಸಣ್ಣಗೆ ಸೋರುತ್ತಲೇ ಇರುತ್ತದೆ ಎಂದು ಟೆಸ್ಟಿಂಗ್ ರೂಮಿನವರು ಮೇ ಐದನೇ ತಾರೀಖು ಹೇಳಿದ್ದರು. ಅವತ್ತು ಅದನ್ನು ನಮ್ಮ ಮೆಷಿನ್ನಿನಿಂದಲೂ ಬೆಂಗಳೂರಿನದರಿಂದಲೂ ಅಳಿಸಿದವಳು ನಾನೇ. ಪೆಟ್ಟಿಗೆಗೆ ಹನ್ನೆರಡರಂತೆ ನಲವತ್ತೆಂಟು. ಪಾಪಣ್ಣ ನಗುತ್ತಿದ್ದರೂ ಬಿಡದೆ, ನಾಲ್ಕೂ ಪೆಟ್ಟಿಗೆಯನ್ನು ಮುಟ್ಟಿ ಮುಟ್ಟಿ ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಬಸ್ಸಿನಲ್ಲಿ ಕೂತ ಮೇಲೆ ಐದನೆಯದೊಂದು ಹಿಂದುಗಡೆ ಇದ್ದಿದ್ದರೆ ಎಂಬ ಯೋಚನೆ ಹೊಸೂರು ಬರುವ ತನಕ ಬಿಡಲಿಲ್ಲ.

ಜೂನ್ 12, ಶುಕ್ರವಾರ

ಆಯಿತು. ಆದದ್ದು ಆದಂತೆ ಬರೆಯುತ್ತೇನೆ, ಇಲ್ಲದಿದ್ದರೆ ನಿದ್ದೆ ಬಾರದು.

ಬೆಳಿಗ್ಗೆ ಹೊರಡುವಾಗ ಅಜ್ಜಿ ಅಕ್ಕಿ ಮಡಕೆಗೆ ಕೈ ಹಾಕಿದ್ದಳು. ಅಕ್ಕಿ ಮುಗಿದಿತ್ತು. ಆದರೂ ಒಂದು ಹಿಡಿ ತಳದಲ್ಲೇ ಬಿಟ್ಟು, ಮಿಕ್ಕಿದ್ದನ್ನು ಮೊರಕ್ಕೆ ಹಾಕಿಕೊಂಡಳು. ಅದೇನು ಹೊಸದಲ್ಲ. ನಮ್ಮ ಮನೆಯಲ್ಲಿ ಮಡಕೆಯ ತಳ ಯಾರೂ ಕಂಡಿಲ್ಲ. ಶುಕ್ರವಾರವಂತೂ ಒಂದು ಕಾಳು ಆಚೆ ಹೋಗುವುದಿಲ್ಲ, ಕಸ ಕೂಡ ಮೂಲೆಗೆ ಗುಡಿಸಿ ಶನಿವಾರಕ್ಕೆ ಎಸೆಯುತ್ತಾಳೆ. ಅಕ್ಕಿ ಇಲ್ಲ ಎನ್ನುವ ಮಾತೇ ಅವಳ ಬಾಯಲ್ಲಿಲ್ಲ, ಅಕ್ಕಿ ತುಂಬ್ಯದೆ ಅನ್ನುತ್ತಾಳೆ. “ಹೋಗ್ತೀನಿ” ಎಂದು ನಾನು ಬಾಯ್ತಪ್ಪಿ ಅಂದದ್ದಕ್ಕೆ ಹಿಂದಕ್ಕೆ ಕರೆದು ಕೂರಿಸಿ, ನೀರು ಕುಡಿಸಿ, “ಬತ್ತೀನಿ” ಅನ್ನಿಸಿ ಕಳಿಸಿದಳು. ಅದರಲ್ಲಿ ಬಸ್ಸು ತಪ್ಪಿತು.

ಹನ್ನೊಂದಕ್ಕೆ ಕೃಷ್ಣಗಿರಿಯ ಗೋಡೌನಿಗೆ ಮದ್ರಾಸಿನ ಫೋನು ಬಂತು. ಕರಿ ಪರದೆ, ಅದರ ಮೇಲೆ ಹಸಿರು ಅಕ್ಷರ. ಚಿತ್ರವಿಲ್ಲ, ಗೆರೆಯಿಲ್ಲ. ಒಂದು ಸಾಲು ಬರೆಯಬೇಕು, ಒಪ್ಪುವ ಕೀಲಿ ಒತ್ತಬೇಕು, ಅದು ಉತ್ತರ ಕೊಡುವ ತನಕ ಕಾಯಬೇಕು. ರಿಸೀವರು ಭುಜಕ್ಕೂ ಕಿವಿಗೂ ಮಧ್ಯೆ ಸಿಕ್ಕಿಸಿಕೊಂಡು ಒಂದೊಂದೇ ಅಕ್ಷರ ಒತ್ತಿದೆ. ಮೊದಲು ಈ ಮೆಷಿನ್ನಿನ ಹೆಸರು. ಆಮೇಲೆ ಅದರ ನಂಬರು. ಆಮೇಲೆ ಮಿಕ್ಕ ಎರಡರ ಹೆಸರು, ಯಾವ ತಂತಿಯಲ್ಲಿ ಯಾರು ಎಂದು. ನಡುವೆ ಒಂದು ಚುಕ್ಕೆ ಬಿಟ್ಟೆ. ಮೆಷಿನ್ನು ನನ್ನ ಮಾತು ಅರ್ಥವಾಗಲಿಲ್ಲವೆಂದಿತು. ಇಡೀ ಸಾಲು ಮತ್ತೆ ಬರೆಯಬೇಕಾಯಿತು.

ಆಮೇಲೆ ಅಳಿಸುವ ಸಾಲು.

ಒಟ್ಟಿಗೆ ಹೋಗಿಬಿಡುತ್ತದೆ ಎಂದುಕೊಂಡಿದ್ದೆ. ಹಾಗಲ್ಲ. ಒಳಗಿರುವ ಹದಿನಾಲ್ಕು ಲೆಕ್ಕದ ಕಟ್ಟುಗಳನ್ನೂ ಒಂದೊಂದಾಗಿ ತೋರಿಸಿ, ಇದನ್ನು ಅಳಿಸಲೇ, ನಿಜವಾಗಿಯೂ ಅಳಿಸಲೇ ಎಂದು ಕೇಳುತ್ತದೆ. ಹೌದು ಎಂದರೆ ವೈ, ಬೇಡ ಎಂದರೆ ಎನ್. “ಎಲ್ಲಾದುಕ್ಕೂ ವೈ ಪೋಡು ಅಮ್ಮಾ” ಎಂದರು ಸಾರ್. ವೈ, ವೈ, ವೈ. ಒಂದೊಂದು ಹೋದಾಗಲೂ ಒಳಗಿನ ತಟ್ಟೆ ಕಿರ್ ಎಂದು ತಿರುಗಿ ನಿಲ್ಲುತ್ತದೆ. ಹದಿಮೂರು ಹೋಯಿತು. ಇನ್ನೊಂದು ಉಳಿಯಿತು, ಎಲ್ಲಕ್ಕಿಂತ ಸಣ್ಣದು, ಒಂದೇ ಸಾಲಿನದು ಎಂದು ಪಕ್ಕದಲ್ಲಿ ತೋರಿಸುತ್ತಿತ್ತು.

ಶುಕ್ರವಾರ. ಕುಂಕುಮ ಇಟ್ಟ ಪೆಟ್ಟಿಗೆ. ಅದರ ತಳ ಬರಿದಾಗಿಸಲು ನನ್ನ ಬೆರಳು ಏಳಲಿಲ್ಲ. ಎನ್ ಒತ್ತಿದೆ.

“ಮುಡಿಂಜುದಾ?” ಮುಗಿಯಿತೇ ಎಂದು ಕೇಳಿದರು.

“ಆಯ್ತು ಸಾರ್.”

ಅದು ಸುಳ್ಳಲ್ಲ. ಅಜ್ಜಿಯೂ ಅಕ್ಕಿ ಮುಗಿಯಿತು ಎಂದುಕೊಂಡೇ ತಾನೆ ಅಂಗಡಿಗೆ ಹೋಗುವುದು. ತಳದ ಒಂದು ಹಿಡಿಯನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ.

ಜೂನ್ 13, ಶನಿವಾರ

ಮೂರೂ ಒಂದನ್ನೊಂದು ಮಾತಾಡಿಸಿವೆ. ಬೆಳಿಗ್ಗೆ ಪರದೆಯಲ್ಲಿ ಮೂರು ಹೆಸರು, ಮೂರರ ಮುಂದೂ ಸರಿ ಎಂಬ ಗುರುತು. ಶ್ಯಾಮಣ್ಣನವರು ಕಾಫಿ ತರಿಸಿದರು. ನಾನು ನಲವತ್ತು ಹೆಜ್ಜೆ ನಾಲ್ಕು ಸಲ ನಡೆದೆ.

ಆ ಒಂದು ಸಾಲು ಏನಿರಬಹುದು? ಇಳಂಗೋ ಸಾರ್‌ಗೆ ಫೋನ್ ಮಾಡೋಣವೆಂದು ರಿಸೀವರು ಎತ್ತಿ, ಇಟ್ಟೆ. ಎಲ್ಲ ಸರಿಯಾಗಿರುವಾಗ ನಾನೇ ಹೋಗಿ ಕೆದಕಿದರೆ ಕೆಲಸಕ್ಕೇ ಕುತ್ತು.

ಜೂನ್ 22, ಸೋಮವಾರ

ಶ್ಯಾಮಣ್ಣನವರು ನನ್ನ ನೋಟ್‌ಬುಕ್ಕು ತೆಗೆದುಕೊಂಡರು.

“ಮೂರು ಮೆಷಿನ್ನು ಇದ್ದಾವಲ್ಲ, ನಾಕನೇದು ಇದೇನಮ್ಮ? ನಾಳೆ ಹೆಡ್ ಆಫೀಸಿನೋರು ಬಂದ್ರೆ ಯಾವ್ದು ನಿಜ ಅಂತ ತೋರ್ಸಾಣ?”

“ತಾಳೆ ನೋಡೋಕೆ ಸಾರ್...”

“ಮೆಷಿನ್ನೇ ತಾಳೆ ನೋಡ್ತದೆ. ನೀನು ನೆಮ್ದಿಯಾಗಿರು.”

ಬೀರುವಿನಲ್ಲಿಟ್ಟು ಬೀಗ ಹಾಕಿದರು. ಸಂಜೆ ತನಕ ಕೈ ತನ್ನಷ್ಟಕ್ಕೆ ಮೇಜಿನ ಮೇಲೆ ಅದನ್ನು ಹುಡುಕುತ್ತಿತ್ತು.

ಜುಲೈ 1, ಬುಧವಾರ

ಎರಡು ದಿನದಿಂದ ಡಬ್ಬಿ ಪೂರ್ತಿ ತಿಂದಿದ್ದೇನೆ. ಅಜ್ಜಿಗೆ ಆಶ್ಚರ್ಯ.

ಜುಲೈ 6, ಸೋಮವಾರ

ಪಾಪಣ್ಣನಿಗೆ ಮೆಮೊ ಹೋಯಿತು. ಮೆಷಿನ್ನು ಅಚ್ಚು ಹಾಕಿದ ಸ್ಲಿಪ್ಪಿನಲ್ಲಿ ಇಪ್ಪತ್ತು ಪೆಟ್ಟಿಗೆ ಎಂದಿದ್ದರೂ, ಒಂದೊಂದನ್ನೂ ಕೆಳಗಿಳಿಸಿ ಎಣಿಸಿ ಲಾರಿಯನ್ನು ಅರ್ಧ ದಿನ ನಿಲ್ಲಿಸಿದನಂತೆ. ಎಣಿಸಿದಾಗ ಇಪ್ಪತ್ತೇ ಇತ್ತು. ಇನ್ನು ಮುಂದೆ ಸ್ಲಿಪ್ಪಿನಂತೆ ನಡೆಯತಕ್ಕದ್ದು ಎಂದು ಶ್ಯಾಮಣ್ಣನವರು ಹೇಳಿದರು, ನಾನು ಟೈಪು ಮಾಡಿದೆ. ಒಂದೂ ತಪ್ಪು ಬೀಳಲಿಲ್ಲ. ಈ ಮುದುಕರಿಗೆ ಮೆಷಿನ್ನಿನ ಮೇಲೆ ನಂಬಿಕೆ ಬರುವುದು ಕಷ್ಟ.

ಜುಲೈ 15, ಬುಧವಾರ

ಮಧ್ಯಾಹ್ನ ಪಾಪಣ್ಣನ ಫೋನು.

“ತಾಯಿ, ಏಜೆಂಟ್‌ಗೆ ಕಳ್ಸೋ ಸ್ಲಿಪ್ಪಲ್ಲಿ ಮುನ್ನೂರ ಹದಿನೆಂಟು ಬಂದದೆ. ನಾಕು ಪೆಟ್ಗೆ. ಕೆಂಪು ಗುರ್ತು ಹೊಡ್ದಿದ್ನಲ್ಲಾ, ಅವೇಯ.”

ಪರದೆ ನೋಡಿದೆ. ಮುನ್ನೂರ ಹದಿನೆಂಟು, ಕೃಷ್ಣಗಿರಿ, ನಲವತ್ತೆಂಟು, ಒಳ್ಳೆಯದು. ಬೆಂಗಳೂರಿನದನ್ನೂ ಕೇಳಿ ನೋಡಿದೆ. ಅದೂ ಅದನ್ನೇ ಹೇಳಿತು.

“ರಬ್ಬರ್ ಬದಲಾಯಿಸಿ ಮತ್ತೆ ಟೆಸ್ಟ್ ಮಾಡಿರ್ತಾರೆ ಪಾಪಣ್ಣ.”

“ಯಾರು ಮಾಡುದ್ರು ತಾಯಿ? ಪೆಟ್ಗೆ ಇಲ್ಲೇ ಐತೆ. ಯಾರೂ ಬರ್ನಿಲ್ಲ.”

“ಮೂರು ಮೆಷಿನ್ನೂ ಒಂದೇ ಮಾತು ಹೇಳ್ತಾ ಇದಾವೆ. ನೀನೊಬ್ಬ ಬೇರೆ ಹೇಳ್ತೀಯಾ? ಇನ್ನೊಂದು ಮೆಮೊ ಬೇಕಾ?”

“ನೀವು ಹೇಳ್ದಂಗೆ ಆಗ್ಲಿ ತಾಯಿ. ನೀವು ಎಣ್ಸೋ ಮಗಳು, ನಿಮಗೆ ಗೊತ್ತಿರ್ತದೆ” ಎಂದ.

ಟೆಸ್ಟಿಂಗ್ ರೂಮಿಗೆ ಹೋಗಿ ಕೇಳಬಹುದಿತ್ತು. ಬಿಸಿಲಿತ್ತು.

ಜುಲೈ 24, ಶುಕ್ರವಾರ

ಬರೆಯುವಂಥದ್ದು ಏನೂ ಇಲ್ಲ. ಚೆನ್ನಾಗಿ ನಿದ್ದೆ ಬರುತ್ತಿದೆ. ಗಡಿಯಾರ ನಿಂತುಹೋಯಿತಾ ಎಂದು ಟೆಸ್ಟಿಂಗ್ ರೂಮಿನವರು ಕೇಳಿದರಂತೆ.

ಆಗಸ್ಟ್ 3, ಸೋಮವಾರ

ಕೃಷ್ಣಗಿರಿಯ ಗ್ಯಾಸ್ ಏಜೆಂಟನ ಕಡೆಯಿಂದ ಒಂದು ಕಟ್ಟು ಬಂತು. ಹಳೇ ಪೇಪರಿನಲ್ಲಿ ಸುತ್ತಿದ ಒಂದು ರೆಗ್ಯುಲೇಟರು, ಅಂಚು ಕಪ್ಪಾಗಿದೆ. ಜೊತೆಗೆ ಚೀಟಿ: ಒಲೆ ಆರಿಸಿಯೇ ಇತ್ತು, ದೇವರ ಮುಂದೆ ಕಡ್ಡಿ ಗೀರಿದ್ದಕ್ಕೆ ಹತ್ತಿಕೊಂಡಿತು, ಹೆಂಗಸಿನ ಎರಡೂ ಕೈ ಮೊಣಕೈ ತನಕ ಸುಟ್ಟಿವೆ, ಆಸ್ಪತ್ರೆಯಲ್ಲಿದ್ದಾಳೆ.

ತಿರುಗಿಸಿ ನೋಡಿದೆ. ಕೆಳಗೆ ಒತ್ತಿದ ಅಂಕಿ. ಮೂರು, ಒಂದು, ಎಂಟು.

ನಲವತ್ತು ಹೆಜ್ಜೆ ಓಡಿದೆ. “ಮುನ್ನೂರ ಹದಿನೆಂಟಾ? ಅದನ್ನ ಯಾರು ಮತ್ತೆ ಟೆಸ್ಟ್ ಮಾಡ್ತಾರೆ? ಗುಜರಿಗೆ ಹಾಕಿದ್ದಲ್ವೇನಮ್ಮ?” ಎಂದರು. ವಾಪಸು ಬಂದು, ಕೃಷ್ಣಗಿರಿ ಮೆಷಿನ್ನಿನಲ್ಲಿ ಆ ಸಣ್ಣ ಕಟ್ಟನ್ನು ತೆರೆದು ತೋರಿಸು ಎಂದು ಸಾಲು ಬರೆದೆ. ಒಂದೇ ಸಾಲು. ಏಪ್ರಿಲ್ ಇಪ್ಪತ್ತನಾಲ್ಕು, ಆವತ್ತಿನ ಆಮದು, ಲಾಟ್ ಮುನ್ನೂರ ಹದಿನೆಂಟು, ನಲವತ್ತೆಂಟು, ಒಳ್ಳೆಯದು.

ನಾನು ತಳದಲ್ಲಿ ಬಿಟ್ಟ ಹಿಡಿ. ಮಿಕ್ಕ ಎರಡರ ಬಳಿ ಅದು ಇರಲಿಲ್ಲ, ಮೇ ತಿಂಗಳಲ್ಲಿ ನಾನೇ ಅಳಿಸಿದ್ದೆ. ಹೊಸದು ಬಂತೆಂದು ಎರಡೂ ಬರೆದುಕೊಂಡವು. ಮೂರು ಮೆಷಿನ್ನು ಒಂದೇ ಮಾತು ಹೇಳಿದವು ಎಂದು ಪಾಪಣ್ಣನ ಬಾಯಿ ಮುಚ್ಚಿಸಿದೆನಲ್ಲ, ಆ ಮೂರರ ಮಾತೂ ನನ್ನ ಒಂದು ಬೆರಳಿನದು.

ಆಗಸ್ಟ್ 4, ಮಂಗಳವಾರ

ಬೆಳಿಗ್ಗೆ ಶ್ಯಾಮಣ್ಣನವರಿಗೆ ಪೂರ್ತಿ ಹೇಳಿದೆ. ಬಾಗಿಲು ಹಾಕಿಸಿದರು.

“ಎನ್ ಒತ್ತಿದ್ದು ಯಾರಿಗಾನಾ ಗೊತ್ತಾ?”

“ನಿಮಗೆ ಗೊತ್ತಾಯ್ತಲ್ಲ ಸಾರ್.”

“ಬಾಯ್ಬಿಡ್ಬೇಡ. ಸಿಡ್ಲು ಹೊಡೆದ ಮೆಷಿನ್ನು, ಅದರ ತಲೆ ಕೆಟ್ಟಿತ್ತು ಅಂದ್ರೆ ಮುಗೀತು. ಆ ಸಾಲು ಅಳಿಸ್ಬುಡು. ಹೆಡ್ ಆಫೀಸಿಗೆ ನಾನು ಬರೀತೀನಿ, ಹತ್ತು ದಿವ್ಸದಾಗೆ ಅವರೇ ಏನಾರ ಮಾಡ್ತಾರೆ.”

“ಹತ್ತು ದಿವ್ಸ ದಿನಾ ಒಲೆ ಹಚ್ತಾರೆ ಸಾರ್.”

“ನಿನ್ನ ಕೆಲಸ ಹೋಗ್ತದೆ ನರಸಮ್ಮ. ಅಜ್ಜಿ ಜೊತೆ ರಾಗಿ ಕಳೆ ಕೀಳೋಕೆ ಹೋಗ್ತೀಯಾ?”

ಬೀರುವಿನ ಬೀಗದ ಕೈ ಮೇಜಿನ ಮೇಲಿತ್ತು. ತೆಗೆದು, ನನ್ನ ನೋಟ್‌ಬುಕ್ಕು ಈಚೆಗೆ ತೆಗೆದುಕೊಂಡೆ. ಅವರು ಏನಾದರೂ ಅನ್ನುವ ಮೊದಲೇ ನಾನು ಆಚೆ ಬಂದಿದ್ದೆ. ಇಳಂಗೋ ಸಾರ್‌ಗೆ ಫೋನ್ ಮಾಡಿ, ಆವತ್ತು ಆಯ್ತು ಅಂದದ್ದು ಸುಳ್ಳು ಎಂದೆ. “ಸಾಲು ಅಳಿಸಬೇಡ. ಕೆಟ್ಟದ್ದು ಅಂತ ಬರೆ. ಮೂರರಲ್ಲೂ ಬರೆ. ಆಮೇಲೆ ಹೋಗಿ ಸಾಮಾನು ಹಿಡಿ ಅಮ್ಮಾ” ಎಂದರು. ಬರೆದು, ಮಧ್ಯಾಹ್ನದ ಬಸ್ಸು ಹತ್ತಿದೆ.

ಪಾಪಣ್ಣ ಗೋಡೌನಿನ ಮುಂದೆ ನಿಂತಿದ್ದ. ಬೈಯುತ್ತಾನೆ ಎಂದುಕೊಂಡೆ. “ಬನ್ನಿ ತಾಯಿ, ಎಣ್ಸಾಣ” ಎಂದ.

ಆಗಸ್ಟ್ 6, ಗುರುವಾರ

ನಲವತ್ತೆಂಟೂ ಹೋಗಿದ್ದು ಒಬ್ಬನೇ ಏಜೆಂಟನಿಗೆ. ಮೂವತ್ತು ಅವನ ಅಂಗಡಿಯಲ್ಲೇ ಇದ್ದವು. ಸುಟ್ಟದ್ದು ಒಂದು. ಮಿಕ್ಕ ಹದಿನೇಳು ಮನೆ ಸೇರಿವೆ. ಎರಡೂವರೆ ದಿನ ಪಾಪಣ್ಣನೂ ನಾನೂ ಕೃಷ್ಣಗಿರಿಯ ಬೀದಿ ಬೀದಿ ತಿರುಗಿದೆವು. ನಾನು ತಪ್ಪು ಮಾಡಿದ್ದೇನೆ, ಇದು ಸೋರುತ್ತದೆ, ಬದಲಿಸಿ ಎಂದು ಹೇಳುವುದು. ಒಬ್ಬ ಮನುಷ್ಯ ಹೊಡೆಯಲು ಬಂದ. ಒಬ್ಬಾಕೆ ಮಜ್ಜಿಗೆ ಕೊಟ್ಟಳು. ಒಂದು ಮನೆಯಲ್ಲಿ ಅತ್ತೆ ಸೊಸೆಗೆ, “ನೋಡ್ದಾ, ಸೌದೆ ಒಲೇನೇ ವಾಸಿ ಅಂತ ನಾನು ಬಡ್ಕೊಂಡೆ” ಎಂದು ಶುರು ಮಾಡಿಕೊಂಡಳು. ಎಲ್ಲ ಮನೆಯಲ್ಲೂ ನನಗೆ ಗ್ಯಾಸಿನ ವಾಸನೆ ಬಂತು. ಪಾಪಣ್ಣನಿಗೆ ನಾಲ್ಕರಲ್ಲಿ ಮಾತ್ರ ಬಂತು. ನನ್ನ ಮೂಗನ್ನು ನಂಬುವ ಹಾಗಿಲ್ಲ.

ಹದಿನಾರು ಸಿಕ್ಕವು. ಹದಿನೇಳನೆಯದು ಕನಕಮ್ಮ ಎನ್ನುವ ಟೀಚರು. ಕೃಷ್ಣಗಿರಿಯ ವಿಳಾಸ ಅವರ ಅಣ್ಣನದು. ಅವರು ಇರುವುದು ಅಂಚೆಟ್ಟಿಯಲ್ಲಿ. ಸಿಲಿಂಡರನ್ನು ಬಸ್ಸಿನ ಮೇಲೆ ಹಾಕಿಕೊಂಡು ಹೋದರಂತೆ.

ಆಗಸ್ಟ್ 7, ಶುಕ್ರವಾರ. ಅಂಚೆಟ್ಟಿ

ಡೆಂಕಣಿಕೋಟೆಯಿಂದ ಬಂದ ಬಸ್ಸು ಅರ್ಧ ದಾರಿಯಲ್ಲಿ ಕೆಟ್ಟಿತು. ಕಾಡಿನ ರಸ್ತೆಯಲ್ಲಿ ಎರಡು ಗಂಟೆ ನಡೆದೆವು. ಪಾಪಣ್ಣನ ಚಪ್ಪಲಿ ಕಿತ್ತುಹೋಯಿತು, ಕೈಯಲ್ಲಿ ಹಿಡಿದುಕೊಂಡು ನಡೆದ.

ಟೀಚರ ಮನೆಗೆ ಬೀಗ. ಸಣ್ಣ ತಾರಸಿ ಮನೆ, ಒಂದೇ ಕಿಟಕಿ, ಅದನ್ನೂ ಒಳಗಿನಿಂದ ಹಾಕಿದೆ. ಪಕ್ಕದ ಮನೆಯ ಮುದುಕಿ ಹೇಳಿದಳು: “ಅವ್ವನಿಗೆ ಮೈ ಸರಿಯಿಲ್ಲ ಅಂತ ಸೋಮಾರ ಹೋದ್ಲು. ಇವತ್ತು ಸಂಜೆ ಬಸ್ಸಿಗೆ ಬತ್ತಾಳೆ. ವರಮಹಾಲಕ್ಷ್ಮಿ ಹಬ್ಬ ಅಲ್ವಾ, ಬಂದೋಳೇ ದೀಪ ಹಚ್ಚಿ ಪೂಜೆ ಮಾಡ್ತೀನಿ, ಹೂವು ತಗ್ದಿಟ್ಟಿರು ಅಂದವ್ಳೆ.” ಅವಳ ಮಡಿಲಲ್ಲಿ ಕಟ್ಟಿದ ಮಲ್ಲಿಗೆ ಇತ್ತು.

ಸೋಮವಾರದಿಂದ ಐದು ದಿನ. ತಿರುಪು ಮುಚ್ಚಿದ್ದರೂ ಸೋರುತ್ತದೆ. ಗ್ಯಾಸು ಭಾರ, ಮೇಲಕ್ಕೆ ಹೋಗುವುದಿಲ್ಲ, ಮಡಕೆಯಲ್ಲಿ ನೀರು ತುಂಬಿದಂತೆ ನೆಲದಿಂದ ತುಂಬಿಕೊಂಡು ಬರುತ್ತದೆ.

ಬೀಗ ಒಡೆಯೋಣವೆಂದು ಪಾಪಣ್ಣ ಕಲ್ಲು ಎತ್ತಿದ. ಕೈ ಹಿಡಿದೆ. ಕಬ್ಬಿಣಕ್ಕೆ ಕಲ್ಲು ಬಿದ್ದರೆ ಕಿಡಿ. ಅವನು ಕಲ್ಲನ್ನು ಮಗುವನ್ನು ಮಲಗಿಸುವಂತೆ ಕೆಳಗಿಟ್ಟ.

ಅಕ್ಕಪಕ್ಕದ ಐದು ಮನೆಗೆ ಹೋಗಿ ಒಲೆ ಆರಿಸಿ ಎಂದು ಹೇಳಿದೆ. ನಾಲ್ವರು ಕೇಳಿದರು. ಒಬ್ಬಳು, “ಹಬ್ಬದ ದಿವ್ಸ ಒಲೆ ಆರಿಸು ಅಂತ ಬಂದವ್ಳಲ್ಲಾ, ಯಾವ ಸೀಮೆ ಹೆಂಗ್ಸೇ ಇವಳು?” ಎಂದಳು. ನಾನೇ ಒಳಗೆ ಹೋಗಿ ಅವಳ ಒಲೆಗೆ ಒಂದು ಚೆಂಬು ನೀರು ಹಾಕಿದೆ. ಅನ್ನ ಅರ್ಧ ಬೆಂದಿತ್ತು. ಬೈಗುಳ ಇನ್ನೂ ಕೇಳಿಸುತ್ತಿದೆ, ಬೈಯಲಿ.

ಹೊಸಲಿನ ಸಂದಿಗೆ ಮುಖ ಇಟ್ಟು ನೋಡಿದೆ. ವಾಸನೆ ಬಂತು. ಪಾಪಣ್ಣನೂ ಬಗ್ಗಿದ. ಬಹಳ ಹೊತ್ತು ಬಗ್ಗಿಯೇ ಇದ್ದ. ಎದ್ದವನು ನನ್ನ ಮುಖ ನೋಡಲಿಲ್ಲ. ಸೊಂಟದಿಂದ ಬೀಡಿ ಕಟ್ಟು ಮತ್ತು ಬೆಂಕಿಪೊಟ್ಟಣ ತೆಗೆದು, ದೂರ ಹೋಗಿ ಹಳ್ಳದ ನೀರಿಗೆ ಎಸೆದು ಬಂದ.

ಈಗ ಅವನು ಬಸ್ಸು ನಿಲ್ಲುವ ಕಡೆ ಹೋಗಿದ್ದಾನೆ. ಟೀಚರು ಇಳಿದ ಕೂಡಲೇ ಬೀಗದ ಕೈ ಇಸಿದುಕೊಳ್ಳಬೇಕು ಎಂದು. ಆದರೆ ಬಸ್ಸು ಎರಡು ಕಡೆ ನಿಲ್ಲುತ್ತದಂತೆ, ಹಿಂದಿನ ತೋಪಿನ ಹತ್ತಿರ ಒಂದು, ಅಂಗಡಿಯ ಹತ್ತಿರ ಒಂದು. ಟೀಚರು ಯಾವತ್ತೂ ಎಲ್ಲಿ ಇಳಿಯುತ್ತಾರೆ ಎಂದು ಕೇಳಿದ್ದಕ್ಕೆ ಮುದುಕಿ, “ಅವಳಿಷ್ಟ” ಎಂದಳು. ಪಾಪಣ್ಣ ಅಂಗಡಿಯ ಹತ್ತಿರ ನಿಂತಿದ್ದಾನೆ. ತೋಪಿನ ಕಡೆಯಿಂದ ಬಂದರೆ ನೇರ ಈ ಬಾಗಿಲಿಗೆ ಬರುತ್ತಾರೆ. ಅದಕ್ಕೇ ನಾನು ಇಲ್ಲಿ, ಜಗುಲಿಯ ಮೇಲೆ, ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದೇನೆ.

ಹೇಳಬೇಕಾದ್ದನ್ನು ಮನಸ್ಸಿನಲ್ಲಿ ಸಾಲಾಗಿ ಇಟ್ಟುಕೊಂಡಿದ್ದೇನೆ. ಮೊದಲು ಬೆಂಕಿಪೊಟ್ಟಣ ನನ್ನ ಕೈಗೆ. ಆಮೇಲೆ ಬೀಗದ ಕೈ. ಬಾಗಿಲು ನಾನೇ ತೆಗೆಯುತ್ತೇನೆ, ನಿಧಾನವಾಗಿ, ಒದ್ದೆ ಬಟ್ಟೆ ಸುತ್ತಿಕೊಂಡು. ಸ್ವಿಚ್ಚು ಯಾರೂ ಮುಟ್ಟಬಾರದು. ಅವರು ಇಲ್ಲಿಗೆ ಬರುವುದೇ ಬೇಡ, ಬೀದಿ ಕೊನೆಯ ಹುಣಸೆಮರದ ಹತ್ತಿರವೇ ನಿಲ್ಲಬೇಕು.

ಕತ್ತಲಾಗುತ್ತಿದೆ. ಅಕ್ಷರ ಸರಿಯಾಗಿ ಕಾಣಿಸುತ್ತಿಲ್ಲ. ಎದುರು ಮನೆಯಲ್ಲಿ ದೀಪ ಹಚ್ಚಲು ಹೋದವಳನ್ನು ಕೂಗಿ ನಿಲ್ಲಿಸಿದೆ. ನಿಂತಳು. ಬೀದಿಯಲ್ಲಿ ಒಂದು ದೀಪವೂ ಇಲ್ಲ, ಹಬ್ಬದ ಶುಕ್ರವಾರ.

ಬಸ್ಸಿನ ಸದ್ದು. ತೋಪಿನ ಕಡೆಯಿಂದ. ನಿಂತಿತು.

ಒಬ್ಬರು ಬರುತ್ತಿದ್ದಾರೆ. ಸೀರೆಯ ಅಂಚು ಬೆಳ್ಳಗೆ 

ಕೈಯಲ್ಲಿ ಏನೋ ಹೊತ್ತಿಸಿಕೊಂಡಿದ್ದಾರೆ, ದಾರಿಗೆಂದು. ಎದುರಿಗೆ ಓಡುತ್ತೇನೆ.